ಅಂಗಡಿಯಲ್ಲಿಯೂ ವಾಙ್ಮಯ ತಪಸ್ಸು



ಶಯನೀ ಏಕಾದಶಿ ಕಳೆದಿದೆ. ಚಾತುರ್ಮಾಸ್ಯ ವ್ರತಗಳು ಪ್ರಾರಂಭವಾಗಿವೆ. ಗುರುಗಳ ಸನ್ನಿಧಿಗೆ ಹೋಗಿ ತಪ್ತಮುದ್ರಾಧಾರಣೆ ಮಾಡಿಸಿಕೊಂಡು ಬಂದವರ ತೋಳುಗಳಲ್ಲಿ ಶಂಖಚಕ್ರಗಳ ಗುರುತು ಇನ್ನೂ ಹಸಿಯಾಗಿಯೇ ಇದೆ. ಮನೆಮನೆಗಳಲ್ಲಿ ಗೃಹಿಣಿಯರು ಶಾಕವ್ರತದ ಅಡಿಗೆಗೆ ಅಣಿಯಾಗಿದ್ದಾರೆ. ಇದಾದ ಮೇಲೆ ದಧಿವ್ರತ, ಕ್ಷೀರವ್ರತ, ದ್ವಿದಳವ್ರತಗಳು ತಿಂಗಳಿಗೊಂದರಂತೆ ಬರುತ್ತವೆ. ನಡುವೆ ನಾಗಪಂಚಮಿ, ವರಮಹಾಲಕ್ಷ್ಮೀ ವ್ರತ, ರಾಯರ ಆರಾಧನೆ, ಕೃಷ್ಣಾಷ್ಟಮಿ, ಗೌರೀಗಣೇಶ, ನವರಾತ್ರಿ, ದೀಪಾವಳಿಗಳು ಸಾಲುಗಟ್ಟಿ ನಿಂತಿವೆ.

ಹಬ್ಬದ ದಿನ ನಾವು ದೇವರ ಮನೆಯಲ್ಲಿರುತ್ತೇವೆ. ಹಬ್ಬದ ಮುನ್ನಾದಿನ ಎಲ್ಲಿರುತ್ತೇವೆ? ಅಂಗಡಿಯಲ್ಲಿ. ಹೂವಿನ ಅಂಗಡಿ, ಹಣ್ಣಿನ ಅಂಗಡಿ, ಗ್ರಂಥಿಗೆಯ ಅಂಗಡಿ, ದಿನಸಿಯ ಅಂಗಡಿ, ಜವಳಿಯ ಅಂಗಡಿ. ಪೂಜೆಯ ಸಾಮಗ್ರಿಗಳೆಲ್ಲವೂ ಅಲ್ಲಿಂದಲೇ ಬರಬೇಕು. ಪೂಜೆಯಲ್ಲಿ ಕುಳಿತಾಗ ಮಾತಿನ ಮೇಲೆ ನಮಗಿರುವ ಹಿಡಿತವು ಆ ಸಾಮಗ್ರಿಗಳನ್ನು ತರುವಾಗ ಇರುತ್ತದೆಯೇ? ಈ ಸಂಚಿಕೆಯಲ್ಲಿ ಈ ಒಂದು ಪ್ರಶ್ನೆಯನ್ನು ವಾಚಕರೊಡನೆ ವಿಚಾರ ಮಾಡಬೇಕೆಂದು ಬಯಸಿದ್ದೇವೆ. ವಿಷಯವು ಅಲ್ಪವೆಂದು ತೋರಬಹುದು. ಆದರೆ ಅಲ್ಪವೆಂದು ಬಿಟ್ಟ ಕಡೆಯಲ್ಲಿಯೇ ಧರ್ಮಕ್ಕೆ ಲೋಪ ಬರುವುದು.

ನಿತ್ಯವೂ ಕಾಣುವ ನೋಟಗಳನ್ನು ಸ್ಮರಿಸಿಕೊಳ್ಳಿರಿ. ಹೂವಿನವಳು ಮೊಳದ ಬೆಲೆಯನ್ನು ಹೇಳುವುದಕ್ಕೆ ಮೊದಲೇ ಕೊಳ್ಳುವವರು ‘ಏನು, ಹಗಲು ದರೋಡೆಯೇ?’ ಎಂದು ಗದರುತ್ತಾರೆ. ದಿನಸಿಯ ಅಂಗಡಿಯಲ್ಲಿ ನೂರು ಗ್ರಾಂ ಮೆಣಸು ಕೇಳಿದ ವೃದ್ಧರನ್ನು ಹುಡುಗನು ಕಣ್ಣೆತ್ತಿಯೂ ನೋಡದೆ, ದೊಡ್ಡ ಚೀಟಿ ಹಿಡಿದು ಬಂದವರ ಕಡೆಗೆ ತಿರುಗುತ್ತಾನೆ. ಚಿಲ್ಲರೆ ಇಲ್ಲವೆಂಬ ಒಂದು ಮಾತಿಗೆ ಎರಡೂ ಕಡೆಯವರು ಹತ್ತು ಮಾತನ್ನು ಬೆಳೆಸುತ್ತಾರೆ. ‘ಬೇಕಾದರೆ ತೆಗೆದುಕೊಳ್ಳಿ, ಬೇಡವಾದರೆ ಬಿಡಿ’ ಎಂದು ಅವನು. ‘ನಿನ್ನದೊಂದೇ ಅಂಗಡಿಯೇ ಊರಿಗೆ?’ ಎಂದು ಇವರು. ಕೊನೆಗೆ ವಸ್ತುವೂ ಮನೆಗೆ ಬರುತ್ತದೆ, ಹಣವೂ ಪೆಟ್ಟಿಗೆಗೆ ಬೀಳುತ್ತದೆ. ಅದರ ಜೊತೆಗೆ ಕಹಿಯೊಂದು ಇಬ್ಬರ ಮನೆಗೂ ಹೋಗುತ್ತದೆ. ಆ ಕಹಿಯನ್ನು ಸುತ್ತಿಕೊಂಡು ಬಂದ ಹೂವನ್ನೇ ನಾವು ದೇವರ ಮುಡಿಗೆ ಏರಿಸುತ್ತೇವೆ.

ಪರರ ದೋಷವನ್ನು ಹೇಳಿ ಉಪದೇಶ ಮಾಡುವುದು ಸುಲಭ. ಆದುದರಿಂದ ಮೊದಲು ನಮ್ಮ ದೋಷವನ್ನೇ ನಿವೇದಿಸುತ್ತೇವೆ.

ಕಳೆದ ವರ್ಷ ವರಮಹಾಲಕ್ಷ್ಮೀ ವ್ರತಕ್ಕೆ ಮೂರು ದಿನಗಳಿರುವಾಗ ಸೀರೆಯನ್ನು ಕೊಳ್ಳುವ ಸಲುವಾಗಿ ಮನೆಯವರೊಡನೆ ಬೆಂಗಳೂರಿನ ಚಿಕ್ಕಪೇಟೆಯ ಒಂದು ಜವಳಿ ಅಂಗಡಿಗೆ ಹೋಗಿದ್ದೆವು. ರಾತ್ರಿ ಎಂಟು ಗಂಟೆಯ ಸಮಯ. ಮಹಡಿಯ ಮೇಲೆ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಸೀರೆಗಳನ್ನು ತೋರಿಸುತ್ತಿದ್ದಳು. ದೊಡ್ಡ ಅಂಚಿನದು ಬೇಕೆಂದೆವು, ತೋರಿಸಿದಳು. ಬಣ್ಣ ಕಡುವಾಯಿತೆಂದೆವು, ಬೇರೆಯದನ್ನು ತೆಗೆದಳು. ಮೈಸೂರು ರೇಷ್ಮೆಯಾಯಿತು, ಇಳಕಲ್ಲಾಯಿತು. ಬಿಚ್ಚಿದ ಸೀರೆಗಳು ಮೂವತ್ತಕ್ಕೆ ಕಡಮೆಯಿರಲಿಲ್ಲ. ‘ಒಳಗೆ ಇನ್ನೂ ಇರಬೇಕಲ್ಲ, ತೆಗೆಯಮ್ಮಾ’ ಎಂದೆವು. ಅವಳು ‘ಕೊಳ್ಳುವ ಮನಸ್ಸಿದ್ದರೆ ಹೇಳಿ ಸಾರ್, ತೆಗೆಯುತ್ತೇನೆ’ ಎಂದಳು. ಮಾತು ಒರಟಾಗಿತ್ತು, ನಿಜ. ಆದರೆ ನಾವು ಕೊಟ್ಟ ಉತ್ತರ ಅದಕ್ಕಿಂತ ಒರಟು. ‘ತೋರಿಸುವುದಕ್ಕೇ ಅಲ್ಲವೇ ನಿನಗೆ ಸಂಬಳ?’ ಎಂದು ಸುತ್ತಲಿನವರು ತಿರುಗಿ ನೋಡುವಂತೆ ಕೂಗಿದೆವು. ಯಜಮಾನರು ಓಡಿ ಬಂದರು. ಎಲ್ಲರ ಎದುರಿಗೆ ಅವಳನ್ನು ಬೈದರು. ಅವಳು ತಲೆ ತಗ್ಗಿಸಿ ‘ತಪ್ಪಾಯಿತು ಸಾರ್’ ಎಂದಳು. ಏನೋ ಗೆದ್ದವರಂತೆ ನಾವು ಹೊರಟೆವು. ಕೊಂಡದ್ದು ಏನೂ ಇಲ್ಲ. ಮೆಟ್ಟಿಲಿಳಿಯುವಾಗ ಹಿಂತಿರುಗಿ ನೋಡಿದರೆ, ಅವಳು ಒಂದೇ ಕಾಲಿನ ಮೇಲೆ ನಿಂತು ಇನ್ನೊಂದು ಪಾದದ ಹಿಮ್ಮಡಿಯನ್ನು ಉಜ್ಜಿಕೊಳ್ಳುತ್ತಿದ್ದಳು. ಅವಳ ಹಿಂದೆ ಕುಳಿತುಕೊಳ್ಳಲು ಒಂದು ಮಣೆಯೂ ಇರಲಿಲ್ಲ. ಮುಂದೆ ಮಡಿಸಬೇಕಾದ ಮೂವತ್ತು ಸೀರೆಗಳಿದ್ದವು.

ಕೆಲವೇ ದಿನಗಳಲ್ಲಿ ರಾಯರ ಆರಾಧನೆ ಬಂದಿತು. ಮಠದಲ್ಲಿ ತೀರ್ಥಕ್ಕಾಗಿ ಸಾಲಿನಲ್ಲಿ ನಿಂತಿದ್ದೆವು. ಪಕ್ಕದ ಹೆಂಗಸರ ಸಾಲಿನಲ್ಲಿ ಮನೆಯವರ ಮುಂದೆ ಅದೇ ಹುಡುಗಿ, ತನ್ನ ತಾಯಿಯೊಡನೆ. ಅವಳು ನಮ್ಮನ್ನು ಗುರುತಿಸಿದಳು. ಕ್ಷಣಕಾಲ ಸುಮ್ಮನಿದ್ದು, ಬದಿಗೆ ಸರಿದು, ‘ಅಮ್ಮಾ, ನೀವು ಮುಂದೆ ಹೋಗಿ’ ಎಂದಳು. ನಾವು ಮುಖ ತಿರುಗಿಸಿಕೊಂಡೆವು. ಅರ್ಚಕರು ಅದೇ ಉದ್ಧರಣೆಯಿಂದ ಅದೇ ತೀರ್ಥವನ್ನು ಮನೆಯವರ ಕೈಗೂ ಅವಳ ಕೈಗೂ ನಮ್ಮ ಕೈಗೂ ಹಾಕಿದರು. ಅಂದು ಆ ತೀರ್ಥವು ನಮ್ಮ ಗಂಟಲಿನಲ್ಲಿ ಸುಲಭವಾಗಿ ಇಳಿಯಲಿಲ್ಲ. ಒಂದು ವಾರ ಕಳೆದು ಆ ಅಂಗಡಿಗೆ ಹೋಗಿ ಕೇಳಿದೆವು. ಅವಳು ಕೆಲಸ ಬಿಟ್ಟಿದ್ದಳು. ಎಲ್ಲಿಗೆ ಹೋದಳೆಂದು ಹೇಳುವವರಿರಲಿಲ್ಲ. ಬಿಟ್ಟದ್ದು ನಮ್ಮ ಕಾರಣದಿಂದಲೋ ಬೇರೆ ಕಾರಣದಿಂದಲೋ, ಅದೂ ತಿಳಿಯಲಿಲ್ಲ. ಕೇಳಬೇಕಾಗಿದ್ದ ಕ್ಷಮೆಯು ನಮ್ಮ ಬಾಯಲ್ಲಿಯೇ ಉಳಿಯಿತು.

ಆ ಅಂಗಡಿಯ ಗೋಡೆಯ ಮೇಲೆ ‘ಗ್ರಾಹಕನೇ ದೇವರು’ ಎಂಬ ಫಲಕವಿತ್ತು. ಅನೇಕ ಅಂಗಡಿಗಳಲ್ಲಿ ಇದನ್ನು ಕಾಣುತ್ತೇವೆ. ಹಾಕಿದವರ ಉದ್ದೇಶ ಒಳ್ಳೆಯದೇ. ಬಂದವರನ್ನು ಆದರಿಸಬೇಕೆಂಬ ಭಾವ ಅದರಲ್ಲಿದೆ. ಆದರೆ ಶ್ರೀಮದಾಚಾರ್ಯರ ಸಿದ್ಧಾಂತವನ್ನು ಅನುಸರಿಸುವ ನಾವು ಆ ಫಲಕದ ಕೆಳಗೆ ನಿಂತು ಒಂದು ಕ್ಷಣ ಯೋಚಿಸಬೇಡವೇ? ಗ್ರಾಹಕನು ದೇವರಲ್ಲ. ಅಂಗಡಿಯವನೂ ದೇವರಲ್ಲ. ಜೀವೇಶ್ವರರ ಭೇದವೇ ಪಂಚಭೇದಗಳಲ್ಲಿ ಮೊದಲನೆಯದು. ಸ್ವತಂತ್ರನು ಶ್ರೀಹರಿಯೊಬ್ಬನೇ. ಮಿಕ್ಕವರೆಲ್ಲರೂ ಅಸ್ವತಂತ್ರರು, ಅವನ ದಾಸರು. ಕಿಸೆಯಲ್ಲಿ ಹಣವಿದ್ದ ಮಾತ್ರಕ್ಕೆ ಜೀವನು ಈಶ್ವರನಾಗಲಾರನು.

ಭಾಗವತದ ದಶಮಸ್ಕಂಧದಲ್ಲಿ ಪೌಂಡ್ರಕನ ಕಥೆಯನ್ನು ಕೇಳಿಲ್ಲವೇ? ತಾನೇ ವಾಸುದೇವನೆಂದು ಭ್ರಮಿಸಿ, ಕೃತಕವಾದ ಶಂಖಚಕ್ರಗಳನ್ನು ಧರಿಸಿ, ಸಾಕ್ಷಾತ್ ಶ್ರೀಕೃಷ್ಣನಿಗೇ ದೂತನನ್ನು ಕಳುಹಿಸಿದ ಮಹಾನುಭಾವನು ಅವನು. ಅವನನ್ನು ಕಥೆಯಲ್ಲಿ ಕೇಳಿ ನಗುತ್ತೇವೆ. ಆದರೆ ಹಣದ ಚೀಲವನ್ನೇ ಶಂಖಚಕ್ರವೆಂಬಂತೆ ಹಿಡಿದು ಅಂಗಡಿಯ ಮೆಟ್ಟಿಲೇರಿ, ಎದುರಿಗಿದ್ದವರೆಲ್ಲರೂ ಕೈಕಟ್ಟಿ ನಿಲ್ಲಬೇಕೆಂದು ಬಯಸುವಾಗ ನಾವು ಯಾರ ಪಾತ್ರವನ್ನು ವಹಿಸಿರುತ್ತೇವೆ? ನಮ್ಮ ತೋಳಿನ ಮೇಲೆಯೂ ಶಂಖಚಕ್ರಗಳಿವೆ. ಅವು ಒಡೆಯನ ಗುರುತು. ಧರಿಸಿದವನು ಒಡೆಯನಲ್ಲ, ಒಡೆಯನಿಗೆ ಸೇರಿದವನು. ಆ ಮುದ್ರೆಯನ್ನು ಹೊತ್ತು ಹೋಗಿ ಮತ್ತೊಬ್ಬ ದಾಸನ ಮೇಲೆ ದೊರೆತನವನ್ನು ನಡೆಸುವುದು ಮುದ್ರೆಗೆ ಮಾಡಿದ ಅಪಚಾರ.

ಹಾಗಾದರೆ ಅಂಗಡಿಯಲ್ಲಿ ದೇವರೇ ಇಲ್ಲವೇ? ಇದ್ದಾನೆ. ಕೊಳ್ಳುವವನಲ್ಲಿಯೂ ಕೊಡುವವನಲ್ಲಿಯೂ ಅಂತರ್ಯಾಮಿಯಾಗಿ ಅವನೇ ಇದ್ದಾನೆ. ಜೀವಜೀವರಿಗೆ ಭೇದವಿದೆ, ತಾರತಮ್ಯವಿದೆ. ಆದರೆ ಒಳಗಿರುವ ಬಿಂಬರೂಪಿಯಾದ ಭಗವಂತನಲ್ಲಿ ಹೆಚ್ಚುಕಡಮೆಯಿಲ್ಲ. ಮುಖ್ಯಪ್ರಾಣದೇವರು ಪ್ರತಿಯೊಂದು ಜೀವಿಯಲ್ಲಿಯೂ ನೆಲೆಸಿ ದಿನವೊಂದಕ್ಕೆ 21,600 ಶ್ವಾಸಜಪಗಳನ್ನು ನಡೆಸುತ್ತಾರೆಂದು ಹಿರಿಯರಿಂದ ಕೇಳುತ್ತ ಬಂದಿದ್ದೇವೆ. ಮೇಜಿನ ಆಚೆ ನಿಂತು ಸೀರೆ ಬಿಚ್ಚುವ ಹುಡುಗಿಯಲ್ಲಿ ಆ ಜಪಸಂಖ್ಯೆಯು ಒಂದಾದರೂ ಕಡಮೆಯಾಗುವುದುಂಟೇ? ನಾವು ಅವಳನ್ನು ಗದರಿದ ಹೊತ್ತಿನಲ್ಲಿಯೂ ಅದು ನಡೆದೇ ಇತ್ತು. ತಾರತಮ್ಯಜ್ಞಾನವು ಭಗವಂತನ ಸರ್ವೋತ್ತಮತ್ವವನ್ನು ತಿಳಿದು ನಾವು ತಗ್ಗುವುದಕ್ಕಾಗಿ ಇದೆ. ಇನ್ನೊಬ್ಬರನ್ನು ತಗ್ಗಿಸುವುದಕ್ಕೆ ಅದನ್ನು ಬಳಸುವವನಿಗೆ ತಾರತಮ್ಯವು ತಿಳಿದಿಲ್ಲವೆಂದೇ ಅರ್ಥ.

ಇನ್ನು ನಿಂತ ಕಾಲಿನ ಮಾತು. ಜವಳಿಯ ಅಂಗಡಿಗಳಲ್ಲಿ ದುಡಿಯುವವರು, ವಿಶೇಷವಾಗಿ ಹೆಂಗಸರು, ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರಬೇಕಾಗುವುದು ನಮ್ಮ ದಕ್ಷಿಣದೇಶದಲ್ಲಿ ಬಹುಕಾಲದ ರೂಢಿ. ಕೇರಳದ ಕೋಳಿಕ್ಕೋಡಿನಲ್ಲಿ ಇಂತಹ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಫಲವಾಗಿ 2018ರಲ್ಲಿ ಆ ರಾಜ್ಯದ ಅಂಗಡಿಗಳ ಕಾನೂನಿಗೆ ತಿದ್ದುಪಡಿಯಾಯಿತು. ಕೆಲಸದ ನಡುವೆ ಕುಳಿತುಕೊಳ್ಳಲು ಆಸನ ಒದಗಿಸಬೇಕೆಂದು ಅದು ವಿಧಿಸಿತು. 2021ರಲ್ಲಿ ತಮಿಳುನಾಡು ಸಹ ಅಂತಹುದೇ ತಿದ್ದುಪಡಿಯನ್ನು ಮಾಡಿತು. ಕುಳಿತುಕೊಳ್ಳುವುದನ್ನೂ ಒಂದು ಹಕ್ಕೆಂದು ಕಾನೂನಿನಲ್ಲಿ ಬರೆಯಬೇಕಾಯಿತೆಂದರೆ, ಅದಕ್ಕೆ ಮೊದಲು ಎಷ್ಟು ಕಾಲುಗಳು ನೋಯ್ದಿರಬೇಕೆಂದು ವಾಚಕರೇ ಊಹಿಸಬಹುದು. ರಾತ್ರಿ ಎಂಟು ಗಂಟೆಗೆ ಒರಟಾಗಿ ಬಂದ ಮಾತು ಎಷ್ಟೋ ಸಲ ಮನಸ್ಸಿನಿಂದ ಬಂದುದಲ್ಲ, ಕಾಲಿನಿಂದ ಬಂದುದು. ನಾವು ಅದನ್ನು ಅಹಂಕಾರವೆಂದು ಭಾವಿಸಿ ಅಹಂಕಾರದಿಂದಲೇ ಉತ್ತರಿಸಿದೆವು. ಅಂಗಡಿಯ ಯಜಮಾನರಾದ ನಮ್ಮ ಬಂಧುಗಳು ಕಾನೂನಿಗಾಗಿ ಕಾಯದೆ ನಾಲ್ಕು ಮಣೆಗಳನ್ನು ಹಾಕಿಸಿದರೆ, ಅವರ ಅಂಗಡಿಯ ಮಾತು ತಾನಾಗಿಯೇ ಅರ್ಧದಷ್ಟು ಮೃದುವಾದೀತು.

ಕೊಳ್ಳುವವರ ರಕ್ಷಣೆಗೂ ಕಾನೂನು ಉಂಟು. 1986ರಲ್ಲಿ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಕಾಯಿದೆ ಬಂದಿದ್ದು, ಅದು 2020ರಿಂದ ಜಾರಿಯಲ್ಲಿದೆ. ಕೆಟ್ಟ ವಸ್ತುವಿಗೆ, ಮೋಸದ ವ್ಯವಹಾರಕ್ಕೆ, ಸೇವೆಯ ಲೋಪಕ್ಕೆ ಅದರಲ್ಲಿ ಪರಿಹಾರವಿದೆ. ಮೋಸವಾದಾಗ ಬಿಲ್ಲನ್ನು ಇಟ್ಟುಕೊಂಡು ದೂರು ಕೊಡುವುದು ನ್ಯಾಯವೇ. ಸೌಜನ್ಯವೆಂದರೆ ಅನ್ಯಾಯವನ್ನು ಸಹಿಸುವುದೆಂದು ನಾವು ಹೇಳುತ್ತಿಲ್ಲ. ಆದರೆ ಒಂದು ತಿರಸ್ಕಾರದ ನೋಟಕ್ಕೆ, ಒಂದು ಚುಚ್ಚುಮಾತಿಗೆ ಯಾವ ಕಾಯಿದೆ ಪರಿಹಾರ ಕೊಟ್ಟೀತು? ಅಲ್ಲಿ ಧರ್ಮವೊಂದೇ ಕಾಯಬೇಕು.

ವ್ಯಾಪಾರ ಮಾಡುವ ಬಂಧುಗಳಿಗೆ ಧರ್ಮವು ಎರಡು ದೊಡ್ಡ ನಿದರ್ಶನಗಳನ್ನು ಕೊಟ್ಟಿದೆ. ಮೊದಲನೆಯದು ಮಹಾಭಾರತದ ಶಾಂತಿಪರ್ವದಲ್ಲಿ ಬರುವ ತುಲಾಧಾರನ ಕಥೆ. ಜಾಜಲಿ ಎಂಬ ತಪಸ್ವಿಯು ಕಂಬದಂತೆ ನಿಶ್ಚಲನಾಗಿ ನಿಂತು ತಪಸ್ಸು ಮಾಡುತ್ತಿರಲು, ಹಕ್ಕಿಗಳು ಅವನ ಜಟೆಯಲ್ಲಿ ಗೂಡು ಕಟ್ಟಿ ಮರಿ ಮಾಡಿದವು. ಮರಿಗಳು ಬಲಿತು ಹಾರಿಹೋಗುವವರೆಗೂ ಅವನು ಅಲುಗಲಿಲ್ಲ. ಆಮೇಲೆ ಧರ್ಮವನ್ನು ಸಾಧಿಸಿದೆನೆಂದು ಹೆಮ್ಮೆಪಟ್ಟನು. ವಾರಾಣಸಿಯ ತುಲಾಧಾರನಿಗೆ ನೀನು ಸಮನಲ್ಲ ಎಂಬ ಮಾತು ಆಗ ಅವನ ಕಿವಿಗೆ ಬಿದ್ದಿತು. ಅಸಹನೆಯಿಂದ ಹುಡುಕಿಕೊಂಡು ಹೋದರೆ ತುಲಾಧಾರನು ಯಾರು? ತಕ್ಕಡಿ ಹಿಡಿದು ಗಂಧದ್ರವ್ಯ, ಗಿಡಮೂಲಿಕೆ, ರಸಗಳನ್ನು ಮಾರುವ ಅಂಗಡಿಯವನು! ಬಂದವನನ್ನು ಕಂಡೊಡನೆ ಅವನು ಎದ್ದು ಆದರದಿಂದ ಸ್ವಾಗತಿಸಿದನು. ಕಾಯಾ ವಾಚಾ ಮನಸಾ ಯಾರಿಗೂ ದ್ರೋಹ ಬಗೆಯದಿರುವುದು, ತನ್ನ ತಕ್ಕಡಿಯು ಎಲ್ಲರಿಗೂ ಸಮನಾಗಿರುವುದು, ಇವೇ ಅವನ ತಪಸ್ಸು. ತಕ್ಕಡಿಯಲ್ಲಿ ತೂಗುವುದು ವಸ್ತುವನ್ನು ಮಾತ್ರವಲ್ಲ. ನೂರು ಗ್ರಾಂ ಕೇಳಿದವನಿಗೂ ಹತ್ತು ಕಿಲೋ ಕೇಳಿದವನಿಗೂ ಸಮನಾದ ಮರ್ಯಾದೆಯನ್ನು ತೂಗಿ ಕೊಡುವುದೂ ಅದೇ ತಕ್ಕಡಿಯ ಧರ್ಮ.

ಎರಡನೆಯದು ನಮ್ಮ ಮನೆಯ ಕಥೆಯೇ. ಪುರಂದರಗಡದ ಚಿನಿವಾರ, ನವಕೋಟಿನಾರಾಯಣನೆನಿಸಿದ ಶ್ರೀನಿವಾಸನಾಯಕನ ಅಂಗಡಿಗೆ ಬಡಬ್ರಾಹ್ಮಣನೊಬ್ಬನು ಮಗನ ಉಪನಯನಕ್ಕೆಂದು ಹಣ ಬೇಡಲು ಬಂದನು. ಇಂದು ಬಾ, ನಾಳೆ ಬಾ ಎಂದು ನಾಯಕನು ತಿಂಗಳುಗಟ್ಟಲೆ ಅಲೆಸಿದನು. ಕೊನೆಗೆ ಸವೆದ ನಾಣ್ಯಗಳ ರಾಶಿಯನ್ನು ಮುಂದೆ ಸುರಿದು, ಒಂದನ್ನು ಆರಿಸಿಕೊಂಡು ಮತ್ತೆ ಬರಬೇಡವೆಂದನು. ಬ್ರಾಹ್ಮಣನು ಸಾಧ್ವಿ ಸರಸ್ವತೀಬಾಯಿಯಿಂದ ಮೂಗುತಿಯನ್ನು ಪಡೆದು, ಅದೇ ಅಂಗಡಿಗೇ ಅಡವಿಡಲು ತಂದನು. ಮುಂದಿನದು ಬಾಲಕರಿಗೂ ತಿಳಿದ ಕಥೆ. ಇದನ್ನು ನಾವು ಜಿಪುಣತನದ ಕಥೆಯೆಂದು ಹೇಳುವುದು ವಾಡಿಕೆ. ಆದರೆ ಇದು ಅಂಗಡಿಯ ಬಾಗಿಲಿಗೆ ಬಂದವನೊಡನೆ ಆಡಿದ ಮಾತಿನ ಕಥೆಯೂ ಹೌದು. ತಿಂಗಳುಗಟ್ಟಲೆ ದೇವರೇ ಬಾಗಿಲಿಗೆ ಬಂದನು, ಅವನಿಗೆ ದೊರೆತುದು ‘ನಾಳೆ ಬಾ’ ಎಂಬ ಮಾತು. ಒಂದು ವಿಶೇಷವನ್ನು ಗಮನಿಸಿರಿ. ವ್ಯಾಸರಾಜರ ಶಿಷ್ಯರಾಗಿ ಪುರಂದರದಾಸರಾದ ಮೇಲೆಯೂ ಅವರು ಪೇಟೆಯ ಮಾತನ್ನು ಮರೆಯಲಿಲ್ಲ. ಕಲ್ಲುಸಕ್ಕರೆ ಮಾರುವವನ ಕೂಗನ್ನೇ ಕೀರ್ತನೆಯನ್ನಾಗಿ ಮಾಡಿ ಹರಿನಾಮವನ್ನು ಬೀದಿಬೀದಿಯಲ್ಲಿ ಹಂಚಿದರು. ಅಂಗಡಿಯ ಭಾಷೆಗೆ ಅಷ್ಟು ಸಿಹಿಯಾಗುವ ಯೋಗ್ಯತೆ ಇದೆಯೆಂದಾಯಿತು.

ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ವಾಙ್ಮಯ ತಪಸ್ಸನ್ನು ನಿರೂಪಿಸಿದ್ದಾನೆ. ಕೇಳಿದವರಿಗೆ ಉದ್ವೇಗವನ್ನು ಉಂಟುಮಾಡದ, ಸತ್ಯವಾದ, ಪ್ರಿಯವಾದ, ಹಿತವಾದ ಮಾತು, ಮತ್ತು ಸ್ವಾಧ್ಯಾಯ. ಸ್ವಾಧ್ಯಾಯವನ್ನು ಮನೆಯಲ್ಲಿ, ಮಠದಲ್ಲಿ ಮಾಡುತ್ತೇವೆ. ಉಳಿದ ನಾಲ್ಕಕ್ಕೆ ಅಂಗಡಿಗಿಂತ ಉತ್ತಮವಾದ ತಪೋಭೂಮಿ ಯಾವುದು? ಬೆಲೆ ಹೆಚ್ಚೆಂದು ತೋರಿದರೆ ಹಾಗೆಂದು ಹೇಳುವುದು ಸತ್ಯ. ‘ನಮಗೆ ಅಷ್ಟು ಅನುಕೂಲವಿಲ್ಲಮ್ಮಾ’ ಎಂದು ಹೇಳುವುದು ಪ್ರಿಯ. ಸೀರೆಯ ಬಣ್ಣ ಬಿಡುತ್ತದೆಂದು ತಿಳಿದಿದ್ದರೆ ಅಂಗಡಿಯವನು ಮೊದಲೇ ತಿಳಿಸುವುದು ಹಿತ. ಇಷ್ಟನ್ನೂ ಧ್ವನಿಯೇರಿಸದೆ ಹೇಳುವುದು ಅನುದ್ವೇಗ. ಪ್ರಿಯವನ್ನು ಬಿಟ್ಟ ಸತ್ಯ ಕೊಳ್ಳುವವರ ಚಟ. ಸತ್ಯವನ್ನು ಬಿಟ್ಟ ಪ್ರಿಯ ಮಾರುವವರ ಚಟ. ತಪಸ್ಸಿಗೆ ಎರಡೂ ಒಟ್ಟಿಗಿರಬೇಕು.

ನಮ್ಮ ಮನೆಗಳಿಗೇ ಸೇರಿದ ಒಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ವ್ರತಕಾಲದಲ್ಲಿ ಮಡಿಯ ನೆಪದಿಂದ ಕೆಲವರು ನಾಣ್ಯವನ್ನು ಅಂಗಡಿಯವನ ಕೈಗೆ ಮೇಲಿನಿಂದ ಎಸೆಯುವುದುಂಟು. ಶಾಕವ್ರತಕ್ಕೆ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ತಿಳಿಯದ ಹುಡುಗನನ್ನು ‘ಇಷ್ಟೂ ಗೊತ್ತಿಲ್ಲವೇ?’ ಎಂದು ಹೀಯಾಳಿಸುವುದುಂಟು. ವ್ರತ ನಮ್ಮದು, ಅವನದಲ್ಲ. ಹುಣಿಸೆಹಣ್ಣು ನಮಗೆ ಈ ತಿಂಗಳು ವರ್ಜ್ಯವೆಂಬುದನ್ನು ಅವನು ಏಕೆ ತಿಳಿದಿರಬೇಕು? ಮಡಿಯು ನಾವು ನಮಗೆ ವಿಧಿಸಿಕೊಂಡ ಕಟ್ಟು. ಇನ್ನೊಬ್ಬರನ್ನು ಅವಮಾನಿಸಲು ಶಾಸ್ತ್ರವು ಕೊಟ್ಟ ಅಧಿಕಾರವಲ್ಲ. ಹಣವನ್ನು ಮೇಜಿನ ಮೇಲೆ ಸಾವಕಾಶವಾಗಿ ಇಟ್ಟರೆ ಮಡಿಯೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಈಗ ಅನೇಕರು ಅಂಗಡಿಗೇ ಹೋಗುವುದಿಲ್ಲ. ಫೋನಿನಲ್ಲಿ ಒತ್ತಿದರೆ ಸಾಮಾನು ಬಾಗಿಲಿಗೆ ಬರುತ್ತದೆ. ಆದರೆ ಸಾಮಾನು ತಾನಾಗಿ ನಡೆದು ಬರುವುದಿಲ್ಲ. ಬಿಸಿಲಿನಲ್ಲಿ, ಮಳೆಯಲ್ಲಿ ಒಬ್ಬ ಹುಡುಗನು ಅದನ್ನು ಹೊತ್ತು ಮೂರು ಮಹಡಿ ಹತ್ತಿ ಬಂದಿರುತ್ತಾನೆ. ಹತ್ತು ನಿಮಿಷ ತಡವಾಯಿತೆಂದು ಅವನನ್ನು ಗದರುವುದಕ್ಕೆ ಮೊದಲು ಒಂದು ಲೋಟ ನೀರು ಬೇಕೇ ಎಂದು ಕೇಳಬಾರದೇ?

ಆದುದರಿಂದ ನಾಲ್ಕು ತಿಂಗಳ ಆಹಾರನಿಯಮದೊಡನೆ ಮಾತಿನ ನಿಯಮವೊಂದನ್ನೂ ಸಂಕಲ್ಪ ಮಾಡೋಣವೆಂದು ಪ್ರಾರ್ಥಿಸುತ್ತೇವೆ. ಅಂಗಡಿಯ ಮೆಟ್ಟಿಲೇರುವಾಗ ಒಮ್ಮೆ ಮನಸ್ಸಿನಲ್ಲಿ ಹರಿಸ್ಮರಣೆ ಮಾಡುವುದು. ಎದುರಿಗಿರುವವರನ್ನು ಏಕವಚನದಲ್ಲಿ ಕರೆಯದಿರುವುದು. ಕೊಳ್ಳುವ ಉದ್ದೇಶವಿಲ್ಲದಿದ್ದರೆ ಮೊದಲೇ ಹೇಳುವುದು. ಬಿಚ್ಚಿಸಿದ ವಸ್ತುವನ್ನು ಕೊಳ್ಳದೆ ಹೋಗುವಾಗ ‘ನಿಮಗೆ ಶ್ರಮವಾಯಿತು’ ಎಂಬ ಒಂದು ಮಾತನ್ನಾದರೂ ಕೊಟ್ಟು ಹೋಗುವುದು. ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಯುವಕ ಯುವತಿಯರು ಬಂದವರ ಉಡುಪನ್ನೂ ಚೀಟಿಯ ಉದ್ದವನ್ನೂ ನೋಡಿ ಮಾತಿನ ತೂಕವನ್ನು ಬದಲಿಸದಿರುವುದು. ತಪ್ಪು ಮಾತು ಬಾಯಿಂದ ಬಂದರೆ ಅಲ್ಲಿಯೇ, ಆ ಕ್ಷಣದಲ್ಲಿಯೇ ಕ್ಷಮೆ ಕೇಳುವುದು. ನಾಳೆಗೆ ಬಿಡಬಾರದು. ನಾಳೆ ಆ ಮನುಷ್ಯರು ಅಲ್ಲಿರುತ್ತಾರೆಂಬ ನಿಶ್ಚಯವಿಲ್ಲ. ಇದನ್ನು ನಾವು ಪುಸ್ತಕದಿಂದ ಕಲಿತುದಲ್ಲ.

ಈ ವರ್ಷವೂ ಆರಾಧನೆ ಬರುತ್ತದೆ. ತೀರ್ಥದ ಸಾಲಿನಲ್ಲಿ ಆ ಹುಡುಗಿಯು ಕಾಣಬಹುದು, ಕಾಣದಿರಬಹುದು. ಕಂಡರೆ ಮುಖ ತಿರುಗಿಸದೆ ಹೇಳಬೇಕಾದುದನ್ನು ಹೇಳುವ ಧೈರ್ಯವನ್ನು ಗುರುರಾಯರು ಕೊಡಲಿ. ಕಾಣದಿದ್ದರೆ, ಮುಂದೆ ನಾವು ಯಾವ ಅಂಗಡಿಗೆ ಹೋದರೂ ಅಲ್ಲಿ ನಿಂತವರಿಗೆ ಸಲ್ಲಿಸುವ ಮರ್ಯಾದೆಯನ್ನೇ ಅವಳ ಅಂತರ್ಯಾಮಿಗೆ ಸಲ್ಲಿಸಿದ ಕ್ಷಮಾಪ್ರಾರ್ಥನೆಯೆಂದು ಶ್ರೀಹರಿಯು ಸ್ವೀಕರಿಸಲಿ.

ಶ್ರೀಕೃಷ್ಣಾರ್ಪಣಮಸ್ತು.